ಸದ್ಯಕ್ಕೆ

ಕಳೆದ ವರ್ಷ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ನನ್ನ ಹೆಸರಿಗೆ 43 ಹೊಸ ಕೆಲಸ ಬಂದು ಕೂತಿದ್ದವು. ಹೇಳಿದವರು ಯಾರೂ ಇಲ್ಲ. ಹಿಂದಿನ ಸಂಜೆ ತಂಡದ ಹುಡುಗನೊಬ್ಬ ಒಂದು ಸಲಕರಣೆ ಜೋಡಿಸಿ ಮನೆಗೆ ಹೋಗಿದ್ದ. ಕೋಡಿನ ನಡುವೆ ನಾವು ನಮಗೇ ಬರೆದುಕೊಳ್ಳುವ ಕಮೆಂಟುಗಳಿರುತ್ತವಲ್ಲ, ಅವುಗಳಲ್ಲಿ ‘ಟುಡು’ (ಮಾಡಬೇಕಿದೆ) ಎಂದು ಶುರುವಾಗುವ ಸಾಲು ಕಂಡರೆ ಅದು ಎತ್ತಿಕೊಳ್ಳುತ್ತದೆ. ನಮ್ಮ ಕೋಡು ಇರುವ ಗಿಟ್‌ಹಬ್‌ನಲ್ಲಿ ಒಂದು ಇಶ್ಯೂ ತೆರೆದು, ನಂಬರು ಕೊಟ್ಟು, ಫೈಲು ಯಾವುದು, ಸಾಲು ಎಷ್ಟನೆಯದು ಎಂದು ಬರೆದು, ಆ ಸಾಲನ್ನು ಕೊನೆಗೆ ಮುಟ್ಟಿದವರ ತಲೆಗೆ ಕಟ್ಟುತ್ತದೆ. ಹದಿನಾಲ್ಕು ವರ್ಷದ ಕೋಡನ್ನು ಜಾಲಾಡಲು ಅದಕ್ಕೆ ಐದು ನಿಮಿಷವೂ ಹಿಡಿದಿರಲಿಲ್ಲ.

ಮೊದಲನೆಯದನ್ನು ತೆರೆದೆ. 2011ರಲ್ಲಿ ನಾನೇ ಬರೆದದ್ದು: ಸದ್ಯಕ್ಕೆ ತಾಲೂಕುಗಳ ಪಟ್ಟಿಯನ್ನು ಇಲ್ಲೇ ಹಾಕಿದೆ, ಆಮೇಲೆ ಬೇರೆ ಫೈಲಿಗೆ ಸಾಗಿಸಬೇಕು.

‘ಸದ್ಯಕ್ಕೆ’ ಎಂಬ ಪದ ನಾನು ಓದಿ ಕಲಿತ ಮೊದಲ ಪದಗಳಲ್ಲೊಂದು. ನಮ್ಮೂರು ದಾಂಡೇಲಿ ಆಗ ಸೈರನ್ನಿನ ಊರು. ಪೇಪರ್ ಮಿಲ್ಲು, ಪ್ಲೈವುಡ್, ಫೆರೋ ಅಲಾಯ್ಸ್. ಅಪ್ಪ ಅವುಗಳಲ್ಲೇ ಒಂದರಲ್ಲಿ ಫಿಟ್ಟರ್. ತುಂಬಿಹೋದ ಲಾಗ್‌ಬುಕ್ಕುಗಳನ್ನು ಎಸೆಯುವ ದಿನ ಅಪ್ಪ ಒಂದೆರಡನ್ನು ಮನೆಗೆ ತರುತ್ತಿದ್ದರು. ಹಾಳೆಯ ಒಂದೇ ಬದಿ ಬರೆದಿರುತ್ತಿತ್ತು. ಇನ್ನೊಂದು ಬದಿಯಲ್ಲಿ ನಾನೂ ಅಣ್ಣನೂ ಲೆಕ್ಕ ಮಾಡುತ್ತಿದ್ದೆವು. ಬೇಸರವಾದಾಗ ಹಾಳೆ ಮಗುಚಿ ಓದುತ್ತಿದ್ದೆ. ಒಬ್ಬರದು ಇಂಗ್ಲಿಷು, ಒಬ್ಬರದು ಹಿಂದಿ, ಇನ್ನೊಬ್ಬರದು ಮರಾಠಿ ಮನೆಯವರು ಬರೆಯುವ ಕನ್ನಡ. ಒಂದು ಪುಸ್ತಕದಲ್ಲಿ ಅಪ್ಪನ ಅಕ್ಷರ ರಾತ್ರಿಪಾಳಿಯ ಆರೂ ದಿನ ಒಂದೇ ಸಾಲು ಬರೆದಿತ್ತು: ‘ಪಂಪಿನ ಗ್ಲ್ಯಾಂಡ್ ಲೀಕ್. ಸದ್ಯಕ್ಕೆ ಬಿಗಿ ಮಾಡಿದೆ.’ ಮುಂದಿನ ಪಾಳಿಯವರದೂ ಅದೇ. ಗ್ಲ್ಯಾಂಡಿನೊಳಗಿನ ಪ್ಯಾಕಿಂಗ್ ಸವೆದಾಗ ನಟ್ಟು ಬಿಗಿ ಮಾಡಿದರೆ ನೀರು ನಿಲ್ಲುತ್ತದೆ. ಮತ್ತೆ ಮತ್ತೆ ಬಿಗಿ ಮಾಡಿದರೆ ಶಾಫ್ಟು ಕಾದು ಅದೂ ಸವೆಯುತ್ತದೆ. ಇದು ಅಪ್ಪನಿಗೂ ಗೊತ್ತಿತ್ತು. ನಾನು ಕೇಳಿದ್ದಕ್ಕೆ ಹೇಳಿದ್ದು ಇಷ್ಟೇ: “ಬರದೇನಲ್ಲ, ಇನ್ನ ಅವರ ಪಾಡು.”

ಅವರು ಎಂದರೆ ಮೇಂಟೆನೆನ್ಸ್ ಆಫೀಸಿನ ಕ್ಲಾರ್ಕು. ದಿನಾ ಬೆಳಿಗ್ಗೆ ಲಾಗ್‌ಬುಕ್ ಓದಿ, ಮಾಡಲೇಬೇಕಾದದ್ದನ್ನು ಜಾಬ್ ಕಾರ್ಡಿಗೆ ಇಳಿಸಿ ನಂಬರು ಹಾಕುವುದು ಅವರ ಕೆಲಸ. ನಮ್ಮ ಸಲಕರಣೆ ಈಗ ಮಾಡುವುದೂ ಅದನ್ನೇ. ಪಾಳಿ ಬಿಟ್ಟು ಸೈಕಲ್ ಹತ್ತುವವರನ್ನು ಅವರು ನಿಲ್ಲಿಸುತ್ತಿದ್ದರಂತೆ. “ಬರದ್ರ ಆತೇನ್ರಿ? ಯಾವ ಪಂಪು? ನಂಬರ್ ಹೇಳಿ ಹೋಗ್ರಿ.” ಈಗ ಇಂಥವರನ್ನು ನೆನೆದು ಕಣ್ಣೊದ್ದೆ ಮಾಡಿಕೊಳ್ಳುವವರಿದ್ದಾರೆ. ಅದೇ ಕ್ಲಾರ್ಕು ಜೋರಾಗಿ ಕೂಗಾಡುವ ವಿಭಾಗದ ಕಾರ್ಡನ್ನು ಮೊದಲು ಬರೆಯುತ್ತಿದ್ದರು, ಓದಲಾಗದ ಅಕ್ಷರವನ್ನು ಬಿಟ್ಟುಬಿಡುತ್ತಿದ್ದರು. ಅಪ್ಪನ ಅಕ್ಷರ ಕೆಟ್ಟದಾಗಿತ್ತು.

ನಾನು ಬೆಂಗಳೂರು ಸೇರಿದಾಗ ಅಂಥ ಕ್ಲಾರ್ಕಿನ ಜಾಗದಲ್ಲಿ ನಮ್ಮ ಲೀಡ್ ಮೇಡಂ ಇದ್ದರು. ಪ್ರತಿ ರಿಲೀಸಿಗೂ ವಾರ ಮುಂಚೆ ಇಡೀ ಕೋಡನ್ನು ಗ್ರೆಪ್‌ನಿಂದ ಹುಡುಕಿ, ಟುಡು, ಫಿಕ್ಸ್‌ಮಿ ಇರುವ ಸಾಲುಗಳ ಪ್ರಿಂಟ್ ತೆಗೆದು, ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. “ಇದು ಯಾವಾಗ?” ಎನ್ನುವರು, ಇಲ್ಲವೇ “ಇದು ಬೇಡ ಬಿಡು, ಯಾರೂ ಕೇಳಲ್ಲ” ಎಂದು ಗೀಟು ಹಾಕುವರು. ಅರ್ಧಕ್ಕರ್ಧ ಅಲ್ಲೇ ಸಾಯುತ್ತಿತ್ತು. ಅವರು ಕೆಲಸ ಬಿಟ್ಟ ಮೇಲೆ ಪ್ರಿಂಟ್ ತೆಗೆಯುವವರು ಬರಲಿಲ್ಲ. ಟುಡು ಬರೆಯುವುದು ಮಾತ್ರ ನಿಲ್ಲಲಿಲ್ಲ.

ಇದೇನು ನಮ್ಮೊಬ್ಬರ ರೋಗವಲ್ಲ. 1969ರಲ್ಲಿ ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿದ ಅಪೊಲೊ 11ರ ಕೋಡಿನಲ್ಲೂ, ಇದು ತಾತ್ಕಾಲಿಕವಾಗಿರಲಪ್ಪಾ ಎಂದು ಮೂರು ಸಲ ಹಾರೈಸಿದ ಕಮೆಂಟೊಂದಿದೆ. ಆ ಕಮೆಂಟಿದ್ದ ಕೋಡು ಹಾಗೇ ಚಂದ್ರನವರೆಗೂ ಹೋಯಿತು. 2005ರಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರ ಮುಂದೆ, ಇಂಥ ಟಿಪ್ಪಣಿಗಳಿಗೆಲ್ಲ ಒಂದೇ ರೂಪ ಕೊಟ್ಟು ಯಂತ್ರ ಓದುವ ಹಾಗೆ ಮಾಡೋಣ ಎಂಬ ಪ್ರಸ್ತಾವ ಬಂತು. ಅದು ತಿರಸ್ಕೃತವಾಯಿತು.

ಇನ್ನು ನನ್ನ ತಾಲೂಕು ಪಟ್ಟಿ. ಅರ್ಜಿ ತುಂಬಿಸಿಕೊಳ್ಳುವ ಸಾಫ್ಟ್‌ವೇರ್ ಅದು. ಉತ್ತರ ಕನ್ನಡ ನನ್ನ ಜಿಲ್ಲೆ ಎಂದು ಹನ್ನೊಂದು ತಾಲೂಕನ್ನೂ ನೆನಪಿನಿಂದಲೇ ಹೊಡೆದಿದ್ದೆ. ಜೋಯಿಡಾ ಇರುವಲ್ಲಿ ಮೊದಲು ಸೂಪಾ ಎಂದೇ ಬಂದಿತ್ತು. ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ತಾಲೂಕು ಕಚೇರಿ ಜೋಯಿಡಾಕ್ಕೆ ಹೋದರೂ ನಮ್ಮ ಮನೆಯಲ್ಲಿ ಬಾಯಿಗೆ ಬರುತ್ತಿದ್ದುದು ಸೂಪಾ. ಅದನ್ನು ತಿದ್ದಿದೆ. ದಾಂಡೇಲಿ ಪಟ್ಟಿಯಲ್ಲಿರಲಿಲ್ಲ, ಆಗ ಅದು ಹಳಿಯಾಳ ತಾಲೂಕಿನೊಳಗಿತ್ತು. 2017ರ ರಾಜ್ಯ ಬಜೆಟ್ಟಿನ ಹೊಸ ತಾಲೂಕುಗಳಲ್ಲಿ ದಾಂಡೇಲಿಯ ಹೆಸರೂ ಬಂತು. ಊರಲ್ಲಿ ಪಟಾಕಿ ಹೊಡೆದದ್ದನ್ನು ಅಣ್ಣ ಫೋನಿನಲ್ಲಿ ಹೇಳಿದ, ಸಂತೋಷಪಟ್ಟೆ. ಕೋಡು ನೆನಪಾಗಲಿಲ್ಲ. ಮುಂದೆ ಅದೇ ಅಣ್ಣ ಅರ್ಜಿ ಹಾಕಲು ಕೂತಾಗ ಪರದೆಯ ಮೇಲೆ ದಾಂಡೇಲಿ ಇಲ್ಲ. ಹಳಿಯಾಳ ಒತ್ತಿದರೆ ಕಾಗದಪತ್ರಕ್ಕೂ ಅರ್ಜಿಗೂ ತಾಳೆಯಾಗದೆ ವಾಪಸ್. “ಇದನ್ನ ಯಾರೋ ಬೆಂಗಳೂರಾಗ ಕೂತಾಂವ ಮಾಡಿರಬೇಕು” ಎಂದ. ನಾನು ಸುಮ್ಮನಿದ್ದೆ.

ಅವತ್ತು ರಾತ್ರಿ ಸರಿಮಾಡಿದೆ. ಪಟ್ಟಿಯನ್ನು ಬೇರೆ ಫೈಲಿಗೆ ಸಾಗಿಸಿದೆನೇ? ಇಲ್ಲ. ಹನ್ನೆರಡನೆಯ ಸಾಲು ಸೇರಿಸಿದೆ. ಮೇಲಿದ್ದ ‘ಸದ್ಯಕ್ಕೆ’ ಹಾಗೇ ಉಳಿಯಿತು. ಗ್ಲ್ಯಾಂಡಿನ ನಟ್ಟು ಇನ್ನೊಂದು ಸುತ್ತು ಬಿಗಿಯಾಯಿತು, ಅಷ್ಟೇ.

ಈ ಸಲಕರಣೆ ಬಂದ ಮೇಲೆ ಒಂದು ಉಪಕಾರವಾಗಿದೆ: ಅಕ್ಷರ ಕೆಟ್ಟದಾಗಿದೆಯೆಂದು ಯಾವುದನ್ನೂ ಅದು ಬಿಡುವುದಿಲ್ಲ. ತೊಂದರೆಯೂ ಅದೇ, ಯಾವುದನ್ನೂ ಬಿಡುವುದಿಲ್ಲ. ಮೊದಲ ದಿನ ಒಟ್ಟು ನಾನೂರು ಚಿಲ್ಲರೆ ಇಶ್ಯೂ ತೆರೆಯಿತು. ಕೋಡಿನ ಸ್ಪೇಸ್‌ಗಳನ್ನಷ್ಟೇ ಸರಿಮಾಡಿದ್ದ ಹೊಸ ಹುಡುಗಿಯ ಹೆಸರಿಗೆ, ಸಾಲನ್ನು ಕೊನೆಗೆ ಮುಟ್ಟಿದವಳು ಎಂಬ ಕಾರಣಕ್ಕೆ, ಯಾವಾಗಲೋ ಕೆಲಸ ಬಿಟ್ಟುಹೋದವರ ಪಾಪವೆಲ್ಲ ಬಂತು. ಫೈಲಿನ ಹೆಸರು ಬದಲಿಸಿದರೆ ಹಳೆಯ ಇಶ್ಯೂ ಮುಚ್ಚಿ ಅದೇ ಇಶ್ಯೂ ಹೊಸ ನಂಬರಿನಲ್ಲಿ ಹುಟ್ಟಿತು. ಎರಡು ವಾರದಲ್ಲಿ ಎಲ್ಲರೂ ಆ ಮೇಲ್‌ಗಳು ಬೇರೆ ಫೋಲ್ಡರಿಗೆ ಹೋಗಿ ಬೀಳುವಂತೆ ಮಾಡಿಕೊಂಡರು.

ತಾಲೂಕು ಪಟ್ಟಿಯ ಕೆಲಸ ಮಾತ್ರ ಮುಗಿಯಿತು. ಮಾಡಿದ್ದು ಆ ಹುಡುಗಿ. ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, “ಸರ್, ಇದು ಯಾವಾಗ?” ಎಂದಳು. ಉತ್ತರಕ್ಕೆ ಕಾಯದೆ ತಾನೇ ಬರೆದಳು.

ಇನ್ನೊಂದು ಇಶ್ಯೂ ಮುಂಡಗೋಡಿನದು. ಅಲ್ಲಿ 1966ರಿಂದ ಇರುವ ಟಿಬೆಟನ್ ವಸತಿಯವರ ವಿಳಾಸದಲ್ಲಿ ಬೀದಿಯಿರುವುದಿಲ್ಲ, ಕ್ಯಾಂಪ್ ನಂಬರು ಇರುತ್ತದೆ. ಅದಕ್ಕೆ ನಮ್ಮ ಅರ್ಜಿಯಲ್ಲಿ ಜಾಗವಿಲ್ಲ, ಆಮೇಲೆ ಮಾಡಬೇಕು ಎಂದು ಅದನ್ನೂ ನಾನೇ ಬರೆದಿದ್ದೆ. ಕಮೆಂಟು ಅಳಿಸಿದರೆ ಕೆಲಸ ಮುಗಿಯಿತೆಂದು ಸಲಕರಣೆ ಇಶ್ಯೂ ಮುಚ್ಚುತ್ತದೆ. ಮೊನ್ನೆ ಆ ಫೈಲು ಚೊಕ್ಕ ಮಾಡುವಾಗ ಹಳೆಯ ಕಮೆಂಟುಗಳ ಜೊತೆ ಆ ಸಾಲೂ ಹೋಯಿತು. ಅಳಿಸಿದ್ದು ನಾನೇ. ನಿಮಿಷದೊಳಗೆ ಇಶ್ಯೂ ಮುಚ್ಚಿದೆ ಎಂದು ಮೇಲ್ ಬಂತು, ಪಕ್ಕದಲ್ಲಿ ಹಸಿರು ಗುರುತು. ಆ ವಸತಿಯ ಲಾಮಾ ಕ್ಯಾಂಪಿನವರು ಈಗಲೂ ಮನೆ ನಂಬರಿನ ಜಾಗದಲ್ಲಿ ಕ್ಯಾಂಪ್ ನಂಬರು ತುಂಬುತ್ತಿದ್ದಾರೆ.