ಅಮ್ಮನ ನಾಲ್ಕು ಸಾಲು

ಹೋದ ವರ್ಷ ಫೆಬ್ರವರಿಯ ಒಂದು ಭಾನುವಾರ ರಾತ್ರಿ ಮೆಲ್ಬೋರ್ನ್‌ನಿಂದ ಅಮ್ಮನ ವಿಡಿಯೋ ಕಾಲ್ ಬಂತು. "ತಮ್ಮನ ಸ್ಕೂಲ್ ಕೌನ್ಸಿಲ್ ಎಲೆಕ್ಷನ್‌ಗೆ ನಿಲ್ತಿದೀನಿ ಕಣ್ರೇ" ಅಂದಳು. ಸಿಡ್ನಿಯ ಬಾಡಿಗೆ ರೂಮಿನಲ್ಲಿದ್ದ ಅಕ್ಕ-ತಂಗಿ ನಾವಿಬ್ಬರೂ ಮೊದಲು ನಕ್ಕೆವು. ಆಮೇಲೆ, "ಅಲ್ಲಿ ಮಾತಾಡಬೇಕಾಗತ್ತಲ್ಲಮ್ಮ?" ಅಂತ ಕೇಳಿದೆವು. ಆ ಪ್ರಶ್ನೆಯ ಒಳಗೆ ಅವಳ ಇಂಗ್ಲಿಷಿನ ಬಗ್ಗೆ ನಮಗಿದ್ದ ನಾಚಿಕೆ ಇತ್ತು. ಅದು ಅವಳಿಗೂ ಗೊತ್ತಾಯ್ತು.

ನಾವು ಶಾಲೆ ಓದಿದ್ದು ಸಿಡ್ನಿಯಲ್ಲೇ. ಅಪ್ಪನ ಕೆಲಸಕ್ಕೆ ಮನೆ ಮೆಲ್ಬೋರ್ನ್‌ಗೆ ಹೋಯ್ತು, ನಾವು ಯೂನಿವರ್ಸಿಟಿ ಅಂತ ಇಲ್ಲೇ ಉಳಿದೆವು. ಇಲ್ಲಿನ ಶಾಲೆಗಳಲ್ಲಿ 'ಪಿ ಅಂಡ್ ಸಿ' ಅನ್ನೋ ಪೋಷಕರ ಸಂಘ ಇರುತ್ತೆ. ಶಾಲೆಗೆ ದುಡ್ಡು ಕೂಡಿಸೋದು ಅದರ ದೊಡ್ಡ ಕೆಲಸ. ಚುನಾವಣೆ ದಿನ ಶಾಲೆ ಮತಗಟ್ಟೆ ಆದಾಗ ಅಂಗಳದಲ್ಲಿ ಸಾಸೇಜ್ ಸುಟ್ಟು ಮಾರೋರೂ ಅವರೇ. ಸಸ್ಯಾಹಾರಿ ಅಮ್ಮನಿಗೆ ಈರುಳ್ಳಿ ಹುರಿಯೋ ಕೆಲಸ. ಆಗ ನಮ್ಮ ಮನೆಯಲ್ಲಿ ಯಾರೂ ಸಿಟಿಜನ್ ಅಲ್ಲ, ಯಾರಿಗೂ ವೋಟಿಲ್ಲ. ವೋಟು ಹಾಕಿ ಬಂದವರ ಬ್ರೆಡ್ಡಿಗೆ ಈರುಳ್ಳಿ ಹಾಕಿ ಹಾಕಿ, ಸಂಜೆ ಹೊಗೆ ವಾಸನೆ ಹೊತ್ತು ಮನೆಗೆ ಬರ್ತಿದ್ದಳು.

ವಿಕ್ಟೋರಿಯಾದಲ್ಲಿ ಕಥೆ ಬೇರೆ. ಅಲ್ಲಿ ಸರ್ಕಾರಿ ಶಾಲೆಗೆ ಕಾನೂನಿನ ಪ್ರಕಾರವೇ ಕೌನ್ಸಿಲ್ ಇರುತ್ತೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸದಸ್ಯರು ಪೋಷಕರೇ ಆಗಿರಬೇಕು. ಅವಧಿ 2 ವರ್ಷ. ಪ್ರತಿ ವರ್ಷ ಅರ್ಧ ಸೀಟು ಖಾಲಿ ಆಗಿ, ಮಾರ್ಚ್ ಮುಗಿಯೋದರೊಳಗೆ ಚುನಾವಣೆ. ಶಾಲೆಯ ಬಜೆಟ್ ಒಪ್ಪೋದು, ಯೂನಿಫಾರ್ಮ್ ನಿಯಮ ಮಾಡೋದು ಅವರ ಕೈಯಲ್ಲಿ. ನಿಲ್ಲೋಕೆ ಸಿಟಿಜನ್ ಆಗಿರಬೇಕಿಲ್ಲ, ಮಗು ಆ ಶಾಲೇಲಿ ಓದ್ತಿದ್ರೆ ಸಾಕು.

ನಾಮಿನೇಷನ್ ಜೊತೆ ಕೊಡೋಕೆ ಅಮ್ಮ ನಾಲ್ಕು ಸಾಲು ಬರೆದಿದ್ದಳು: ನನ್ನ ಮಗ ಎಂಟನೇ ಕ್ಲಾಸು. ನಾನು ವೃದ್ಧಾಶ್ರಮದಲ್ಲಿ ನೈಟ್ ಶಿಫ್ಟ್ ಮಾಡ್ತೀನಿ. ಸ್ಕೂಲಿನ ಕಾಗದ ಮೂರು ಸಲ ಓದಿದರೂ ಕೆಲವು ಅರ್ಥ ಆಗಲ್ಲ, ನನ್ನ ಹಾಗೆ ಇನ್ನೂ ಎಷ್ಟೋ ಜನ ಇದ್ದಾರೆ. ನಾನು ಕೇಳ್ತೀನಿ.

ನಾವು ಅದನ್ನ 'ಸರಿ' ಮಾಡಿದೆವು. ಸ್ಟೇಕ್‌ಹೋಲ್ಡರ್, ಡೈವರ್ಸಿಟಿ, ಎಂಗೇಜ್‌ಮೆಂಟ್, ನಮ್ಮ ಅಸೈನ್‌ಮೆಂಟಿನ ಪದಗಳೆಲ್ಲ ಸೇರಿದವು. ಅಮ್ಮ ಓದಿ, "ಯಾರಿವಳು? ಇವಳಿಗೆ ನಾನೇ ವೋಟ್ ಹಾಕಲ್ಲ" ಅಂದಳು.

ಆಮೇಲೆ ತಿಪಟೂರು ಕಡೆಯ ಹಳ್ಳಿಯಲ್ಲಿರೋ ದೊಡ್ಡಮ್ಮನ ಕಥೆ ಹೇಳಿದಳು. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ 2001ರಲ್ಲಿ ಎಸ್‌ಡಿಎಂಸಿ ಬಂತು. ಪೋಷಕರೇ ಸೇರಿ ಶಾಲೆ ನೋಡಿಕೊಳ್ಳೋ ಸಮಿತಿ ಅದು. ಹೆಬ್ಬೆಟ್ಟು ಒತ್ತೋ ದೊಡ್ಡಮ್ಮನೂ ಅದರ ಸದಸ್ಯೆ ಆದಳು. ಮೊದಲ ಮೀಟಿಂಗ್‌ನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಹೆಣ್ಮಕ್ಕಳ ಶೌಚಾಲಯಕ್ಕೆ ಬೀಗ ಯಾಕೆ? ಕೀ ಯಾರ ಹತ್ರ ಐತೆ?" ಯಾರಿಗೂ ಉತ್ತರ ಗೊತ್ತಿರಲಿಲ್ಲ. ಮಾರನೇ ದಿನ ಬೀಗ ತೆಗೆದರು.

"ಅವಳಿಗೆ ಸಹಿ ಹಾಕೋಕೂ ಬರ್ತಿರಲಿಲ್ಲ. ನನಗೆ ಇಂಗ್ಲಿಷ್ ಕಮ್ಮಿ ಅಷ್ಟೇ ತಾನೇ?" ಅಂದಳು ಅಮ್ಮ. ನಾವು ಮಾತಾಡಲಿಲ್ಲ. ಅವಳು ತನ್ನ ನಾಲ್ಕು ಸಾಲನ್ನೇ ಕಳಿಸಿದಳು.

ಎರಡು ಸೀಟಿಗೆ ಐದು ಜನ ನಿಂತಿದ್ದರು. ಅಮ್ಮ ಮೂರನೆಯವಳಾಗಿ ಸೋತಳು. ನಮಗೆ ಅಳುವೇ ಬಂತು. ಅವಳು ಮಾತ್ರ, "ನನಗೆ ವೋಟ್ ಹಾಕಿದವರಲ್ಲಿ ಅರ್ಧ ಜನ ಯಾರು ಅಂತಲೇ ಗೊತ್ತಿಲ್ಲ ಕಣ್ರೇ!" ಅಂತ ಖುಷಿಯಾಗಿದ್ದಳು.

ನಮ್ಮ ಕ್ಯಾಂಪಸ್ಸಿನಲ್ಲೂ ಪ್ರತಿ ವರ್ಷ ವಿದ್ಯಾರ್ಥಿ ಚುನಾವಣೆ ನಡೆಯುತ್ತೆ. ಬಣ್ಣದ ಟೀ-ಶರ್ಟಿನವರು ಕರಪತ್ರ ಹಿಡಿದು ಬಂದರೆ ಇಯರ್‌ಫೋನ್ ಹಾಕಿಕೊಂಡು ಪಕ್ಕಕ್ಕೆ ಸರಿಯೋರು ನಾವು. ವೋಟಿದ್ದೂ ಒಮ್ಮೆಯೂ ಹಾಕಿರಲಿಲ್ಲ. ಹೋದ ವರ್ಷ ಹಾಕಿದೆವು.

ಈ ಫೆಬ್ರವರಿಯಲ್ಲಿ ಅಮ್ಮ ಮತ್ತೆ ಫಾರಂ ತುಂಬಿದ್ದಾಳೆ. ಅದೇ ನಾಲ್ಕು ಸಾಲು, ಎಂಟನೇ ಕ್ಲಾಸು ಒಂಬತ್ತು ಆಗಿದೆ. ನಾವು ಒಂದು ಸ್ಪೆಲ್ಲಿಂಗ್ ತಿದ್ದಿದ್ದೇವೆ, ಅದೂ ಅವಳನ್ನ ಕೇಳಿ.