ಭಂಗಾರದ ತಕ್ಕಡಿ



ನಮ್ಮ ಹಳ್ಳಿಖೇಡ (ಬಿ) ಊರಿನಲ್ಲಿ ಗುಜರಿ ಸಾಮಾನಿಗೆ ‘ಭಂಗಾರ’ ಎನ್ನುತ್ತಾರೆ. ಮರಾಠಿಯ ನೆರೆಯಿಂದ ಬಂದ ಮಾತು. ಸೇವೆಗೆಂದು ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಕಿವಿಗೆ ಅದು ‘ಬಂಗಾರ’ ಎಂದೇ ಕೇಳಿಸಿ, ಸೈಕಲ್ಲಿಗೆ ತಕ್ಕಡಿ ಕಟ್ಟಿಕೊಂಡು ಬಂಗಾರ ಕೊಳ್ಳಲು ಬರುವ ಈ ಯುವಕ ಯಾರಿರಬಹುದೆಂದು ಬೆರಗಾಗಿದ್ದೆ. “ಫಾದರ್, ಹಳೇ ಸಾಮಾನ ಏನರ ಅವಾ ರೀ?” ಎಂದು ಅವನು ಗೇಟಿನಲ್ಲಿ ನಿಂತು ಕೂಗುತ್ತಾನೆ. ಆ ತಕ್ಕಡಿಯನ್ನು ಕಂಡಾಗಲೆಲ್ಲ ನನ್ನೊಳಗೆ ಒಂದು ಹಳೆಯ ಅಳುಕು ಎದ್ದು ಕೂರುತ್ತದೆ.

2009ರ ಮಾತು. ಆಗ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಅಲ್ಲಿ ಬಹುಕಾಲದಿಂದ ಮುಚ್ಚಿದ್ದ ಚಿಕ್ಕ ಔಷಧಾಲಯದ ಉಗ್ರಾಣವನ್ನು ತೆರವು ಮಾಡಿಸಿದೆ. ತುಕ್ಕು ಹಿಡಿದ ಮಂಚಗಳು, ಒಡೆದ ಬೀರು, ಯಾರೋ ದಾನಿಗಳು ಎಂದೋ ಕೊಟ್ಟಿದ್ದ ಒಂದು ಹಳೆಯ ಎಕ್ಸ್-ರೇ ಯಂತ್ರ. ಎಲ್ಲವನ್ನೂ ಕಿಲೋ ಲೆಕ್ಕದಲ್ಲಿ ಮಾರಿ, ಬಂದ ಹಣದಲ್ಲಿ ದೇವಾಲಯದ ಗೋಡೆಗೆ ಸುಣ್ಣ ಹೊಡೆಸಿದೆ. ಮಿತವ್ಯಯಕ್ಕೆ ಅದನ್ನೇ ಉದಾಹರಣೆಯಾಗಿ ಕೊಟ್ಟು ಪ್ರಬೋಧನೆಯನ್ನೂ ಮಾಡಿದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮರುವರ್ಷದ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿಯ ಸುದ್ದಿ ಬಂತು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ 1968ರಲ್ಲಿ ಕೆನಡಾದಿಂದ ತರಿಸಿದ್ದ ಉಪಕರಣವೊಂದು 1985ರಿಂದಲೂ ಬಳಕೆಯಿಲ್ಲದೆ ಬಿದ್ದಿತ್ತು. ಅದನ್ನು ಹರಾಜಿನಲ್ಲಿ ಗುಜರಿಗೆ ಹಾಕಲಾಯಿತು. ಒಳಗಿದ್ದುದು ಕೋಬಾಲ್ಟ್-60. ಕಾರ್ಮಿಕರು ಬರಿಗೈಯಿಂದ ಅದನ್ನು ಬಿಚ್ಚಿದರು. ಹಲವರು ವಿಕಿರಣದಿಂದ ಕಾಯಿಲೆ ಬಿದ್ದರು, ಒಬ್ಬ ಸತ್ತೇಹೋದ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುದಿನ ಪಟ್ಟಣದ ಆಸ್ಪತ್ರೆಯೊಂದಕ್ಕೆ ಹೋಗಿ ಎಕ್ಸ್-ರೇ ತಂತ್ರಜ್ಞರನ್ನು ಕಂಡೆ. ಅವರು ನಕ್ಕುಬಿಟ್ಟರು. ಎಕ್ಸ್-ರೇ ಕಿರಣ ಹುಟ್ಟುವುದು ವಿದ್ಯುತ್ತಿನಿಂದ. ವಿದ್ಯುತ್ ನಿಂತರೆ ಆ ಯಂತ್ರ ಬರಿಯ ಕಬ್ಬಿಣ ಮತ್ತು ಗಾಜು. ಕೋಬಾಲ್ಟ್ ಹಾಗಲ್ಲ, ಅದನ್ನು ಆರಿಸುವ ಗುಂಡಿ ಇಲ್ಲ. ಐದೂಕಾಲು ವರ್ಷಕ್ಕೊಮ್ಮೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ, ಅಷ್ಟೇ. ನಿರಾಳನಾಗಿ ಮರಳಿದೆ. ಆದರೆ ಆ ನಿರಾಳ ಬಸ್ಸು ಇಳಿಯುವವರೆಗೂ ಉಳಿಯಲಿಲ್ಲ. ಮಾರಿದ ದಿನ ನನಗೆ ಈ ವ್ಯತ್ಯಾಸ ತಿಳಿದಿರಲಿಲ್ಲವಲ್ಲ! ಯಂತ್ರವನ್ನು ಬೆನ್ನ ಮೇಲೆ ಹೊತ್ತು ಹೋದ ಹುಡುಗನ ಹೆಸರನ್ನೂ ನಾನು ಕೇಳಿರಲಿಲ್ಲ. ಪಾಪನಿವೇದನೆಯಲ್ಲಿ ಮಾಡಿದ ಪಾಪಗಳ ಜೊತೆಗೆ ಮಾಡದೆ ಬಿಟ್ಟ ಕರ್ತವ್ಯಗಳನ್ನೂ ನೆನೆಯಬೇಕೆಂದು ಮಕ್ಕಳಿಗೆ ಕಲಿಸುವವನು ನಾನು.

ಆಗಿನಿಂದ ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಬ್ರೆಜಿಲ್ ದೇಶದ ಗೊಯಾನಿಯಾ ನಗರದಲ್ಲಿ 1987ರಲ್ಲಿ ನಡೆದುದನ್ನು ಓದಿದ ದಿನ ಪುಸ್ತಕವನ್ನು ಕೆಳಗಿಟ್ಟುಬಿಟ್ಟೆ. ತೊರೆದುಹೋದ ಚಿಕಿತ್ಸಾಲಯವೊಂದರಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಯಂತ್ರ ಉಳಿದಿತ್ತು. ಅದರೊಳಗಿನ ಸೀಸಿಯಂ-137 ಗುಜರಿ ಅಂಗಡಿ ಸೇರಿತು. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಆ ಪುಡಿಯನ್ನು ಜನ ನೆಂಟರಿಷ್ಟರಿಗೆಲ್ಲ ಹಂಚಿದರು. ನಾಲ್ವರು ಸತ್ತರು. ಅವರಲ್ಲೊಬ್ಬಳು ಆರು ವರ್ಷದ ಬಾಲಕಿ. ಸೀಸದ ಹೊದಿಕೆಯ ಶವಪೆಟ್ಟಿಗೆಯಲ್ಲಿ ಅವಳನ್ನು ಹೂಳಲು ತಂದಾಗ, ಭೂಮಿ ಕೆಡುತ್ತದೆಂದು ಹೆದರಿದ ಜನ ಸ್ಮಶಾನದಲ್ಲೇ ಕಲ್ಲೆಸೆದರು. ಅದು ಬಹುಮಟ್ಟಿಗೆ ಕಥೋಲಿಕ ಜನರ ನಾಡು. ಎಷ್ಟೋ ಕೂಸುಗಳ ಸಮಾಧಿಯ ಬಳಿ ನಿಂತು ಪ್ರಾರ್ಥನೆ ಹೇಳಿದ್ದೇನೆ. ಆ ಕಲ್ಲುಗಳ ನಡುವೆ ನಿಂತಿದ್ದರೆ ಏನು ಹೇಳುತ್ತಿದ್ದೆನೋ ಕಾಣೆ.

ನಮ್ಮ ನಾಡಿಗೆ ಬರೋಣ. ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಉರಿದು ಮುಗಿದ ಇಂಧನವನ್ನು ಮೊದಲು ನೀರಿನ ಕೊಳಗಳಲ್ಲಿ ವರ್ಷಗಟ್ಟಲೆ ತಣಿಸುತ್ತಾರೆ. ನಮ್ಮ ದೇಶದ ಪದ್ಧತಿಯಂತೆ, ಮರುಬಳಕೆಯ ಅಂಶಗಳನ್ನು ತೆಗೆದ ಮೇಲೆ ಉಳಿಯುವ ತೀವ್ರ ತ್ಯಾಜ್ಯವನ್ನು ಗಾಜಿನಲ್ಲಿ ಕರಗಿಸಿ ಉಕ್ಕಿನ ಪಾತ್ರೆಗಳಲ್ಲಿ ಮುಚ್ಚಿಡುತ್ತಾರೆ. ಆ ಪಾತ್ರೆಗಳನ್ನು ಕೊನೆಗೆ ಆಳದ ಬಂಡೆಯೊಳಗೆ ಇಡಬೇಕೆಂಬುದು ವಿಜ್ಞಾನಿಗಳ ಮಾತು. ಫಿನ್ಲೆಂಡಿನವರು ಅದಕ್ಕಾಗಿ 400 ಮೀಟರಿಗೂ ಆಳದಲ್ಲಿ ಸುರಂಗ ಕೊರೆದಿದ್ದಾರೆ. ನಮ್ಮಲ್ಲಿ ಅಂಥ ಶಾಶ್ವತ ತಾಣ ಇನ್ನೂ ಇಲ್ಲ.

2012ರ ನವೆಂಬರಿನಲ್ಲಿ, ಕೂಡಂಕುಳಂ ಪ್ರಕರಣದ ವಿಚಾರಣೆಯ ವೇಳೆ, ಕೋಲಾರದ ಚಿನ್ನದ ಗಣಿಯ ಹೆಸರು ಸುಪ್ರೀಂ ಕೋರ್ಟಿನಲ್ಲಿ ಕೇಳಿಬಂತು. ಬಂಗಾರದ ಗಣಿಗೆ ಭಂಗಾರ! ಕೆಜಿಎಫ್ ಪಟ್ಟಣ ಬೀದಿಗಿಳಿಯಿತು. ಅಂಥ ಯೋಜನೆ ಇಲ್ಲವೆಂದು ಬಳಿಕ ಸ್ಪಷ್ಟನೆ ಬಂತು. ಆದರೆ ಆ ಜನರ ಸಿಟ್ಟನ್ನು ಅಜ್ಞಾನವೆಂದು ತಳ್ಳಿಹಾಕಲಾರೆ. ನೂರಿಪ್ಪತ್ತು ವರ್ಷ ಅವರ ಹಿರಿಯರು ನೆಲದ ಕೆಳಗಿಳಿದರು, ಮೂರು ಕಿಲೋಮೀಟರಿಗೂ ಆಳಕ್ಕೆ. ನಮ್ಮ ಧರ್ಮಸಭೆಯ ಎಷ್ಟೋ ಕುಟುಂಬಗಳೂ ಅವರಲ್ಲಿದ್ದವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೊರಟುಹೋಯಿತು, ಸಯನೈಡ್ ಮಣ್ಣಿನ ಗುಡ್ಡೆಗಳು ಉಳಿದವು. ಅಂಥವರ ಬಾಗಿಲಲ್ಲೇ ಇನ್ನೊಂದು ಕಸದ ಮಾತು, ಅದೂ ಅವರನ್ನು ಕೇಳದೆ!

ಕೇಳುವುದಾದರೂ ಯಾರನ್ನು? ಬಳಸಿದ ಇಂಧನದಲ್ಲಿ ಹುಟ್ಟುವ ಪ್ಲುಟೋನಿಯಂ-239 ಅರ್ಧಕ್ಕಿಳಿಯಲು ಸುಮಾರು 24,000 ವರ್ಷ ಬೇಕು. ಇಲ್ಲಿಂದ ಹುಮನಾಬಾದ್ ದಾಟಿ ಹೋದರೆ ಬಸವಕಲ್ಯಾಣ. ಶರಣರು ಅಲ್ಲಿಂದ ಚದುರಿ ಇನ್ನೂ ಒಂಬೈನೂರು ವರ್ಷ ತುಂಬಿಲ್ಲ. ಜನ ಇಷ್ಟೊಂದು ಪ್ರೀತಿಸಿದ ಅನುಭವ ಮಂಟಪ ಮೂಲತಃ ಯಾವ ಸ್ಥಳದಲ್ಲಿತ್ತೆಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. ವಚನಗಳ ತಾಡೋಲೆಗಳನ್ನು ಫ. ಗು. ಹಳಕಟ್ಟಿಯವರು ಇಪ್ಪತ್ತನೆಯ ಶತಮಾನದಲ್ಲಿ ಅಲೆದಲೆದು ಕೂಡಿಸಬೇಕಾಯಿತು. ಪ್ರೀತಿಸಿದ್ದನ್ನೇ ಹೀಗೆ ಮರೆಯುವ ನಾವು, ಹೂತಿಟ್ಟ ವಿಷದ ಗುರುತನ್ನು ಇನ್ನೂ ಹುಟ್ಟದ ಮಕ್ಕಳಿಗೆ ಯಾವ ಲಿಪಿಯಲ್ಲಿ ಬರೆದಿಡೋಣ?

ಇದೇ ಪ್ಲುಟೋನಿಯಂ ಬಾಂಬಿಗೂ ಆಗುವ ವಸ್ತು. ಆದ್ದರಿಂದಲೇ ಅದನ್ನು ಗ್ರಾಂ ಗ್ರಾಂ ಲೆಕ್ಕವಿಟ್ಟು ಕಾಯಬೇಕು. ಆ ಲೆಕ್ಕವನ್ನು ನೋಡುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1957ರಲ್ಲಿ ಸ್ಥಾಪನೆಯಾದಾಗ, ಒಂದೂ ಸ್ಥಾವರವಿಲ್ಲದ ನಮ್ಮ ಪವಿತ್ರ ಪೀಠವೂ ಸ್ಥಾಪಕ ಸದಸ್ಯನಾಗಿತ್ತು. ಆದರೆ ಬೇಲಿ, ಬೀಗ, ಬಂದೂಕುಗಳಿಂದಲೇ ಎಲ್ಲವನ್ನೂ ಕಾಯಲಾಗದು. 2009ರ ನವೆಂಬರಿನಲ್ಲಿ ಕೈಗಾದ ಸುಮಾರು 55 ಕೆಲಸಗಾರರ ದೇಹದಲ್ಲಿ ಟ್ರೀಷಿಯಂ ಹೆಚ್ಚಾಗಿರುವುದು ಪತ್ತೆಯಾಯಿತು. ಕುಡಿಯುವ ನೀರಿನ ಕೂಲರಿಗೆ ಒಳಗಿನವರೇ ಯಾರೋ ಟ್ರೀಷಿಯಂ ಇದ್ದ ಭಾರಜಲ ಬೆರೆಸಿದ್ದರೆಂದು ಅಧಿಕಾರಿಗಳು ಹೇಳಿದರು. ತಮ್ಮನೆಲ್ಲಿ ಎಂದು ದೇವರು ಕೇಳಿದಾಗ ಕಾಯಿನನು ಕೊಟ್ಟ ಉತ್ತರ ನಿಮಗೆ ಗೊತ್ತಿದೆ.

ನಾನು ವಿಜ್ಞಾನದ ವಿರೋಧಿಯಲ್ಲ. ಕೋಬಾಲ್ಟ್ ಚಿಕಿತ್ಸೆ ಎಷ್ಟೋ ಕ್ಯಾನ್ಸರ್ ರೋಗಿಗಳಿಗೆ ಆಯುಷ್ಯ ಕೊಟ್ಟಿದೆ. ಈ ಬರಹವೂ ವಿದ್ಯುದ್ದೀಪದ ಕೆಳಗೇ ಹುಟ್ಟಿದ್ದು.

ಕಳೆದ ಶನಿವಾರ ಮತ್ತೆ ಅವನು ಗೇಟಿಗೆ ಬಂದ. ಮುರಿದ ಕುರ್ಚಿಯೊಂದನ್ನು ತೂಗುತ್ತಿದ್ದವನನ್ನು ಹೆಸರು ಕೇಳಿದೆ, ಹೇಳಿದ. ಚಹಾ ಕೊಟ್ಟು, “ಇದೆಲ್ಲ ಎಲ್ಲಿಗೆ ಹೋಗುತ್ತದಪ್ಪಾ?” ಎಂದೆ.

“ಹುಮನಾಬಾದಕ್ಕ ಒಯ್ದು ಕೊಡ್ತೀನ್ರಿ. ಅಲ್ಲಿಂದ ಲಾರೀದಾಗ ಹೈದರಾಬಾದಕ್ಕ. ಮುಂದ ಎಲ್ಲಿ ಹೋಗ್ತದೋ ನಮಗ ಗೊತ್ತಿಲ್ರಿ, ಫಾದರ್.”