ಕನ್ನಡಿಯಲ್ಲಿ ಕಂಡ ಆಕಾಶ

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಲೋಕಮಹಾದೇವಿಯು ಕಟ್ಟಿಸಿದಳು. ಅದರ ಜಾಲಂಧ್ರಗಳಲ್ಲಿ ಬೆಳಕು ಸೋಸಿ ಬರುವ ಅಂದಕ್ಕೆ ಮನಸೋತು, ಊಟದ ಹೊತ್ತಿಗೆ ಪರಿಚಿತರ ಮನೆಗೆ ಹೋದೆನು. ಅಲ್ಲಿ ಅಡುಗೆಮನೆಯ ತುಂಬ ಹೊಗೆ!

ಮಣ್ಣಿನ ಮಾಳಿಗೆಯ ಮನೆ. ಹಿಂದೆ ಹೊಗೆಗೆ ಬೆಳಕಿಂಡಿಯೊಂದೇ ದಾರಿ. ಮಳೆ ಬಂದರೆ ಅದನ್ನೂ ಮುಚ್ಚಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರವು ಮುಂದೆ ಹೊಗೆಕೊಳವೆಯುಳ್ಳ ಒಲೆಯನ್ನು ರೂಪಿಸಿತು. ೧೯೮೩ರಲ್ಲಿ ಕೇಂದ್ರ ಸರಕಾರವೂ ಸುಧಾರಿತ ಒಲೆಗಳ ಯೋಜನೆಯನ್ನು ಹೂಡಿತು. ಒಲೆಗಳೇನೋ ಬಂದವು, ಕೊಳವೆಯೊಳಗೆ ಇಣಿಕಿ ನೋಡುವವರು ಯಾರು? ಮಸಿ ಕಟ್ಟಿದರೆ ಹೊಗೆಯು ತಿರುಗಿ ಮನೆಗೇ ಬರುತ್ತದೆ.

ಮನೆಯವರು ಹೇಳಿಕಳಿಸಿದ್ದ ತಗಡಿನ ಕೆಲಸಗಾರನು ಅಷ್ಟರಲ್ಲಿ ಬಂದನು. ಈ ಸೀಮೆಯಲ್ಲಿ 'ಚಿಮಣಿ' ಎಂದರೆ ಎಣ್ಣೆಯ ಬುಡ್ಡಿ. ಆದುದರಿಂದ ಅವನದು 'ಹೊಗಿಕೊಳವಿ ನೋಡೋ ಧಂದೆ.' ತಾನೇ ಮಾಡಿ ಮಾರುವ ಸಾಮಾನುಗಳು: ಉದ್ದ ಹಿಡಿಯ ತಗಡಿನಲ್ಲಿ ಕೂರಿಸಿದ ಕನ್ನಡಿಯ ಚೂರು, ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡು, ತೆಂಗಿನ ನಾರಿನ ಕುಂಚ. ಒಲೆಯಾರಿದ ಮೇಲೆ ಕೊಳವೆಯ ಬುಡದಲ್ಲಿ ಕನ್ನಡಿ ಹಿಡಿದನು. ಬರಿಯ ಕತ್ತಲೆ. ಮಾಳಿಗೆಯೇರಿ ಗುಂಡನ್ನು ಇಳಿಬಿಟ್ಟನು; ಬೊಗಸೆ ಬೊಗಸೆ ಮಸಿಯೊಡನೆ ಹಕ್ಕಿಯ ಗೂಡೂ ಬಿದ್ದಿತು.

"ಮೂರು ತಿಂಗಳಾತ್ರೀ ಸರ, ಕಣ್ಣೀರು ಸುರಿಸದ ಒಂದು ರೊಟ್ಟಿ ಬಡಿದಿಲ್ಲ" ಎಂದರು ಮನೆಯ ಅಜ್ಜಿ.

ಅವನು ಇಳಿದುಬಂದು ಮತ್ತೆ ಕನ್ನಡಿಯಿಟ್ಟು, "ಬಾ ಯವ್ವಾ, ನೋಡು" ಎಂದನು. ಬಿಲ್ಲೆಯಷ್ಟು ನೀಲಿ ಆಕಾಶ! ಅಜ್ಜಿ ಬಹಳ ಹೊತ್ತು ಬಗ್ಗಿ ನೋಡಿದರು. ಬಳಿಕ ಆ ಕನ್ನಡಿಗೆ ಬೆಲೆಯೆಷ್ಟೆಂದು ಕೇಳಿದರು.